ರಾತ್ರಿ ಪಾಳಿಯವರು ನಿದ್ದೆ ಹೋಗಿದ್ದರು, ಗೇಟಿಗೆ ಬೀಗ ಬಿದ್ದಿತ್ತು: ಈಗ ಏನು ಮಾಡಲಿ?

ಪ್ರಶ್ನೆ: ಕಲಾಸಿಪಾಳ್ಯದ ಹತ್ತಿರ ಮನೆಯಿಲ್ಲದ ಗಂಡಸರಿಗಾಗಿ ಇರುವ 60 ಹಾಸಿಗೆಯ ವಸತಿ ಕೇಂದ್ರವೊಂದಕ್ಕೆ ನಾನು ಮ್ಯಾನೇಜರ್. ಮೂವರು ಕೇರ್‌ಟೇಕರ್‌ಗಳಿದ್ದಾರೆ, ರಾತ್ರಿಗೆ ಒಬ್ಬರೇ. ಕಳೆದ ತಿಂಗಳು ಬೆಳಗಿನ ಜಾವ ಮೂರರ ಸುಮಾರಿಗೆ ನಿವಾಸಿಯೊಬ್ಬರಿಗೆ ಫಿಟ್ಸ್ ಬಂತು. ಕೇರ್‌ಟೇಕರ್ ಆಫೀಸ್ ರೂಮಿನಲ್ಲಿ ಗಾಢ ನಿದ್ದೆಯಲ್ಲಿದ್ದರು, ಗೇಟಿನ ಬೀಗದ ಕೈ ಅವರ ಜೇಬಿನಲ್ಲಿತ್ತು. ಉಳಿದವರು ಬಾಗಿಲು ಬಡಿದು ಎಬ್ಬಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಪುಣ್ಯಕ್ಕೆ ಆ ಮನುಷ್ಯ ಬದುಕಿದರು. ಬೆಳಿಗ್ಗೆ ರಿಜಿಸ್ಟರ್ ತೆರೆದರೆ ‘1 ಗಂಟೆ ಎಲ್ಲ ಸರಿ, 2 ಗಂಟೆ ಎಲ್ಲ ಸರಿ, 3 ಗಂಟೆ ಎಲ್ಲ ಸರಿ’ ಎಂದು ಬರೆದಿತ್ತು. ಇನ್ನೊಬ್ಬ ಕೇರ್‌ಟೇಕರ್ ತಡವಾಗಿ ಬಂದವರಿಂದ 20 ರೂಪಾಯಿ ತೆಗೆದುಕೊಂಡು ಗೇಟು ತೆರೆಯುತ್ತಾರೆ ಎಂಬ ದೂರೂ ಇದೆ. ಸಿಸಿಟಿವಿ ಹಾಕಿಸಿ, ಗಂಟೆಗೊಂದು ಸೆಲ್ಫಿ ವಾಟ್ಸ್‌ಆ್ಯಪ್‌ಗೆ ಕಳಿಸಲು ಹೇಳಿ, ಇಬ್ಬರನ್ನೂ ಕೆಲಸದಿಂದ ತೆಗೆಯಿರಿ ಎನ್ನುತ್ತಿದ್ದಾರೆ ಸಂಸ್ಥೆಯವರು. ನನಗೂ ಸಿಟ್ಟಿದೆ. ಆದರೆ ಹೊಸಬರು ಬಂದರೂ ಇದೇ ಕತೆಯಾದರೆ? ರಾತ್ರಿ ನಾನು ಅಲ್ಲಿರುವುದಿಲ್ಲ. ಇಲ್ಲದ ಹೊತ್ತಿನ ಮೇಲ್ವಿಚಾರಣೆ ಮಾಡುವುದು ಹೇಗೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಜನ ಬದಲಾಗಿ ವ್ಯವಸ್ಥೆ ಹಾಗೇ ಉಳಿದರೆ ಮೂರು ತಿಂಗಳಲ್ಲಿ ಮತ್ತೆ ಇಂಥದ್ದೇ ಪತ್ರ ಬರೆಯಬೇಕಾಗುತ್ತದೆ. ನೀವು ಹೇಳಿದ ಬೀಗ, ನಿದ್ದೆ, ಹಣ ಮೂರಕ್ಕೂ ಬೇರೆಬೇರೆ ಕಾರಣಗಳಿವೆ, ಮೂರಕ್ಕೂ ಬೇರೆಬೇರೆ ಪರಿಹಾರ ಬೇಕು. ಒಂದು ಮಾತು ಮೂರಕ್ಕೂ ಹೊಂದುತ್ತದೆ: ರಾತ್ರಿ ನಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಹಗಲು ಹೊತ್ತಿನಲ್ಲಿ, ಆಫೀಸಿನ ಮೇಜಿನ ಮೇಲೆಯೇ ನಿರ್ಧಾರವಾಗಿರುತ್ತವೆ. ಪಾಳಿ ಪಟ್ಟಿ, ಗೇಟಿನ ನಿಯಮ, ‘ರಾತ್ರಿ ಫೋನ್ ಮಾಡಿದರೆ ಬೈತಾರೆ’ ಎನ್ನುವ ಭಯ, ಇವೆಲ್ಲ ನಿಮ್ಮ ಕೈಯಲ್ಲಿರುವ ವಿಷಯಗಳು.

ಮೊದಲು ಬೀಗ, ಅದೂ ಇವತ್ತೇ

ನಿದ್ದೆಯ ವಿಚಾರಣೆ ನಾಳೆ ಮಾಡಬಹುದು. ಅರವತ್ತು ಜನ ಮಲಗುವ ಹಾಲ್‌ಗೆ ಬೀಗ ಹಾಕಿ, ಬೀಗದ ಕೈಯನ್ನು ಒಬ್ಬರ ಜೇಬಿನಲ್ಲಿ ಇಡುವುದು ಇನ್ನೊಂದು ರಾತ್ರಿಯೂ ಮುಂದುವರಿಯಬಾರದು. ಕಳ್ಳತನ, ಹೊರಗಿನ ಕುಡುಕರ ಕಾಟ, ಕಂಬಳಿ ಸಮೇತ ಹೋಗಿಬಿಡುತ್ತಾರೆ ಎಂಬ ಚಿಂತೆ: ಬೀಗ ಹಾಕಲು ಕಾರಣಗಳು ಇವೇ, ಯಾವುದೂ ಸುಳ್ಳಲ್ಲ. ಆದರೆ ಇಂಥ ಹಾಲ್‌ನಲ್ಲಿ ಬೆಂಕಿಗೆ ದಾರಿಗಳು ಬಹಳ. ಕಂಬಳಿಯೊಳಗೆ ಸೇದುವ ಬೀಡಿ, ಹಾಸಿಗೆಗೆ ಒತ್ತಿಕೊಂಡಿರುವ ಸೊಳ್ಳೆಬತ್ತಿ, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ ಎಂಟು ಚಾರ್ಜರ್, ಬಕೆಟ್ಟಿನಲ್ಲಿ ಮರೆತ ನೀರು ಕಾಯಿಸುವ ಕಾಯಿಲ್. ಫೋಮ್ ಹಾಸಿಗೆಗೆ ಬೆಂಕಿ ತಗುಲಿದರೆ ಜ್ವಾಲೆಗಿಂತ ಮೊದಲು ಹೊಗೆ ಕೊಲ್ಲುತ್ತದೆ, ಅದಕ್ಕೆ ಕೆಲವೇ ನಿಮಿಷ ಸಾಕು. ನಿಮ್ಮಲ್ಲಿ ಹತ್ತು ನಿಮಿಷ ಹೋಗಿದೆ.

ನಿಯಮ ಒಂದೇ: ಒಳಗೆ ಇರುವ ಯಾರೇ ಆಗಲಿ, ಕತ್ತಲಲ್ಲಿ, ಬೀಗದ ಕೈ ಇಲ್ಲದೆ, ಒಂದೇ ಕೈಯಲ್ಲಿ ಬಾಗಿಲು ತೆರೆಯುವಂತಿರಬೇಕು. ವೆಲ್ಡಿಂಗ್ ಅಂಗಡಿಯವರನ್ನು ಕರೆಸಿ ಗ್ರಿಲ್ ಗೇಟಿಗೆ ಒಳಗಿನಿಂದ ಚಿಲಕ ಹಾಕಿಸಿ. ಹೊರಗಿನಿಂದ ಕೈ ತೂರಿಸಿ ಚಿಲಕ ಸರಿಸದಂತೆ ಅದರ ಸುತ್ತ ಎರಡೂ ಬದಿಗೆ ಒಂದೂವರೆ ಅಡಿ ತಗಡು ಬಡಿಸಿ. ಗೇಟು ಅಲುಗಿದರೆ ಸದ್ದಾಗುವಂತೆ ಒಂದು ಗಂಟೆ ಕಟ್ಟಿ. ಯಾರಾದರೂ ಹೊರಟರೆ ಕೇರ್‌ಟೇಕರ್‌ಗೆ ತಿಳಿಯಬೇಕು, ಆದರೆ ತಡೆಯುವ ಅಗತ್ಯವಿಲ್ಲ. ವಸತಿ ಕೇಂದ್ರ ಜೈಲಲ್ಲ, ಹೋಗುವವರು ಹೋಗಬಹುದು. ಶೌಚಾಲಯ, ಬಚ್ಚಲಿನ ಚಿಲಕಗಳನ್ನೂ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯಬಹುದಾದ ಬಗೆಗೆ ಬದಲಿಸಿ. ರಾತ್ರಿ ಅಲ್ಲಿ ಕುಸಿದು ಬೀಳುವವರೂ ಇರುತ್ತಾರೆ.

ಕಟ್ಟಡದವರು ಚಿಲಕಕ್ಕೆ ಒಪ್ಪದಿದ್ದರೆ, ಅವರನ್ನು ಒಪ್ಪಿಸುವವರೆಗೆ ಗೇಟಿನ ಪಕ್ಕದಲ್ಲೇ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಇನ್ನೊಂದು ಬೀಗದ ಕೈ ಇಡಿ. ಆ ಪೆಟ್ಟಿಗೆ ಎಲ್ಲಿದೆ ಎಂದು ಪ್ರತಿಯೊಬ್ಬ ನಿವಾಸಿಗೂ ಬಂದ ದಿನವೇ ತೋರಿಸಬೇಕು. ಇದು ಎರಡನೇ ದರ್ಜೆಯ ಉಪಾಯ. ಹೊಗೆಯಲ್ಲಿ ಬೀಗದ ಕೈ ಕೈಜಾರಿದರೆ ಮುಗಿಯಿತು.

ನಿದ್ದೆಯ ಲೆಕ್ಕ

‘ಸೋಮಾರಿ, ಅದಕ್ಕೇ ಮಲಗಿದ’ ಎನ್ನುವುದು ಸುಲಭ. ಹಾಗೆ ಹೇಳುವ ಮುನ್ನ ಈ ಲೆಕ್ಕ ಮಾಡಿ. ವಾರಕ್ಕೆ 168 ಗಂಟೆ. ದಿನಕ್ಕೆ ಎಂಟು ಗಂಟೆ, ವಾರಕ್ಕೊಂದು ರಜೆ ಎಂದರೆ ಒಬ್ಬರಿಂದ ಸಿಗುವುದು 48 ಗಂಟೆ. ಮೂವರಿಂದ 144. ಉಳಿದ 24 ಗಂಟೆಗೆ, ಅಂದರೆ ವಾರದ ಮೂರು ಪೂರ್ತಿ ಪಾಳಿಗೆ, ನಿಮ್ಮಲ್ಲಿ ಜನವೇ ಇಲ್ಲ. ಇಂಥ ವಸತಿ ಕೇಂದ್ರಗಳಿಗೆ ನೆರವು ಕೊಡುತ್ತಿದ್ದ, 2024ರವರೆಗೆ ನಡೆದ ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಒಬ್ಬ ಮ್ಯಾನೇಜರ್ ಮತ್ತು ಎಂಟು ಗಂಟೆಯ ಪಾಳಿಗಳಲ್ಲಿ ಕನಿಷ್ಠ ಮೂವರು ಕೇರ್‌ಟೇಕರ್ ಎಂದಿತ್ತು. ಎಲ್ಲರೂ ಆ ‘ಕನಿಷ್ಠ’ವನ್ನೇ ‘ಸಾಕಷ್ಟು’ ಎಂದು ಓದಿಕೊಂಡಿದ್ದಾರೆ. ಆ ಮೂರು ಪಾಳಿಗಳನ್ನು ಯಾರೋ ಡಬಲ್ ಮಾಡಿ ತುಂಬುತ್ತಾರೆ. ಮಧ್ಯಾಹ್ನ 2ಕ್ಕೆ ಬಂದವರು ಡಬಲ್ ಮಾಡಿದರೆ ಬೆಳಗಿನ ಜಾವ 3ಕ್ಕೆ ಅವರು 13 ಗಂಟೆ ಕೆಲಸ ಮುಗಿಸಿರುತ್ತಾರೆ.

ಆ ಹೊತ್ತೇ ಕೆಟ್ಟದ್ದು. ರಾತ್ರಿ 2ರಿಂದ 5ರ ನಡುವೆ ದೇಹದ ಉಷ್ಣತೆ ಇಳಿದು, ಎಚ್ಚರ ತೀರಾ ಕಡಿಮೆಯಾಗಿರುತ್ತದೆ. ಕಣ್ಣು ತೆರೆದಿದ್ದರೂ ಕೆಲವು ಸೆಕೆಂಡ್ ಮಿದುಳು ನಿದ್ದೆಗೆ ಜಾರುತ್ತದೆ, ಆ ಮನುಷ್ಯನಿಗೆ ಅದು ಗೊತ್ತೂ ಆಗುವುದಿಲ್ಲ. ಶಿಸ್ತಿನಿಂದ, ಬೈಗುಳದಿಂದ ಇದು ಬಗ್ಗದು. ‘ಹಗಲೆಲ್ಲ ಮಲಗಿದ್ದನಲ್ಲ’ ಎನ್ನುವುದೂ ಪೂರ್ತಿ ನಿಜವಲ್ಲ. ಒಂದೇ ಕೋಣೆಯ ಮನೆಯಲ್ಲಿ, ಮಕ್ಕಳು, ಕುಕ್ಕರ್, ಬೀದಿಯ ಹಾರ್ನ್ ನಡುವೆ ಬರುವ ಹಗಲಿನ ನಿದ್ದೆ ರಾತ್ರಿಯ ನಿದ್ದೆಗಿಂತ ಒಂದೆರಡು ಗಂಟೆಯಾದರೂ ಕಡಿಮೆ, ತೆಳು ಕೂಡ. ಸಂಬಳ ಎರಡು ತಿಂಗಳಿಗೊಮ್ಮೆ ಕೈ ಸೇರುವ ಕಡೆ ಕೇರ್‌ಟೇಕರ್‌ಗಳು ಹಗಲು ಡೆಲಿವರಿಗೋ ಸೆಕ್ಯೂರಿಟಿ ಕೆಲಸಕ್ಕೋ ಹೋಗುವುದೂ ಇದೆ.

ಹಾಗಾಗಿ ಮೊದಲು ಹಾಜರಿ ಪುಸ್ತಕ ತೆಗೆಯಿರಿ. ಆ ರಾತ್ರಿಗೆ ಮುಂಚಿನ 48 ಗಂಟೆಯಲ್ಲಿ ಅವರು ನಿಮ್ಮಲ್ಲಿ ಎಷ್ಟು ಹೊತ್ತು ದುಡಿದಿದ್ದಾರೆ ಎಂದು ಕೂಡಿಸಿ. ಆಮೇಲೆ ಎದುರು ಕೂರಿಸಿಕೊಂಡು ‘ಬೇರೆ ಕಡೆ ಕೆಲಸಕ್ಕೂ ಹೋಗ್ತಿದ್ದೀರಾ? ಮಲಗೋದು ಎಷ್ಟೊತ್ತಿಗೆ?’ ಎಂದು ಕೇಳಿ. ಶಿಕ್ಷೆ ಕೊಡಲು ಕೇಳುತ್ತಿಲ್ಲ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ನಿಜ ಹೊರಬರುವುದಿಲ್ಲ.

ದಾರಿಗಳು ಇಷ್ಟು. ಅತ್ಯುತ್ತಮವಾದದ್ದು ಐವರು ಕೇರ್‌ಟೇಕರ್‌ಗಳು. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ರಾತ್ರಿ ಇಬ್ಬರು ಎಂದರೆ ವಾರಕ್ಕೆ 28 ಪಾಳಿ. ಐವರು ಆರಾರು ದಿನ ಬಂದರೆ 30. ರಜೆ, ಜ್ವರಕ್ಕೆಂದು ಎರಡು ಪಾಳಿ ಮಿಗುತ್ತವೆ. ಇಬ್ಬರಿದ್ದರೆ ರಾತ್ರಿ 1ರಿಂದ 4ರೊಳಗೆ ಒಬ್ಬರಾದ ಮೇಲೆ ಒಬ್ಬರು ಅರ್ಧ ಗಂಟೆ ಮಲಗಲು ಬಹಿರಂಗವಾಗಿಯೇ ಅನುಮತಿ ಕೊಡಿ. ಎದ್ದ ತಕ್ಷಣ ಮಂಪರು ಇರುತ್ತದೆ, ಆದ್ದರಿಂದ ಎದ್ದವರು ಮುಖ ತೊಳೆದು ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಇನ್ನೊಬ್ಬರು ಮಲಗಬೇಕು. ಕದ್ದು ಮೂರು ಗಂಟೆ ಮಲಗುವುದಕ್ಕಿಂತ ಹೇಳಿ ಅರ್ಧ ಗಂಟೆ ಮಲಗುವುದು ಎಲ್ಲರಿಗೂ ಕ್ಷೇಮ.

ಐವರಿಗೆ ದುಡ್ಡಿಲ್ಲ ಎಂದರೆ ನಾಲ್ವರು. ಆಗ 24 ಪಾಳಿ ಸಿಗುತ್ತವೆ, ಒಬ್ಬೊಬ್ಬರಂತೆ ಮೂರು ಹೊತ್ತಿಗೆ 21 ಬೇಕು, ಮೂರು ಮಿಗುತ್ತವೆ. ಆ ಮೂರರಲ್ಲಿ ಎರಡನ್ನು ಶನಿವಾರ ಮತ್ತು ಭಾನುವಾರದ ರಾತ್ರಿಗೆ ಹಾಕಿ. ಗಾರೆ ಕೆಲಸದವರಿಗೆ ಶನಿವಾರ ಬಟವಾಡೆ. ಕುಡಿತ, ಜಗಳ, ಕಳ್ಳತನ ಹೆಚ್ಚುವುದು ಈ ಎರಡು ರಾತ್ರಿ. ಇನ್ನೊಂದು ಪಾಳಿ ಯಾರದಾದರೂ ರಜೆಗೆ ಇರಲಿ. ಮೂವರಲ್ಲೇ ನಡೆಸಬೇಕು ಎಂದು ಸಂಸ್ಥೆ ಹಟ ಹಿಡಿದರೆ, ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಯಾವ ಪಾಳಿಗೆ ಜನರಿಲ್ಲ ಎಂದು ತೋರಿಸಿ, ಸಹಿ ಮಾಡಿ, ಸಂಸ್ಥೆಗೂ ಪಾಲಿಕೆಯ ಸಂಬಂಧಪಟ್ಟ ಅಧಿಕಾರಿಗೂ ಕೊಡಿ. ಬಾಯಿಮಾತಿನ ‘ಸ್ಟಾಫ್ ಸಾಲಲ್ಲ ಸಾರ್’ಗೂ ಗಂಟೆಗಳ ಲೆಕ್ಕಕ್ಕೂ ತೂಕದಲ್ಲಿ ತುಂಬ ವ್ಯತ್ಯಾಸವಿದೆ.

ಪಾಳಿ ಬದಲಿಸುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮ ಇರಲಿ, ಹಿಂದುಮುಂದಾದರೆ ದೇಹ ಒಗ್ಗುವುದು ಕಷ್ಟ. ಸತತ ನಾಲ್ಕು ರಾತ್ರಿಗಿಂತ ಹೆಚ್ಚು ಹಾಕಬೇಡಿ, ಕೊನೆಯ ರಾತ್ರಿಯ ನಂತರ ಪೂರ್ತಿ ಒಂದು ದಿನ ಬಿಡಿ. ಚಹಾ ರಾತ್ರಿ 2ರೊಳಗೆ ಮುಗಿಯಲಿ. ಆಮೇಲೆ ಕುಡಿದದ್ದು ಬೆಳಗಿನ ನಿದ್ದೆಯನ್ನು ತಿನ್ನುತ್ತದೆ.

ನಿವಾಸಿಗಳಲ್ಲೇ ನಂಬಿಕಸ್ತರೊಬ್ಬರನ್ನು ರಾತ್ರಿ ಸಹಾಯಕರನ್ನಾಗಿ ಮಾಡುವ ರೂಢಿ ಹಲವು ಕಡೆ ಇದೆ. ಖರ್ಚು ಕಡಿಮೆ, ಅವರಿಗೆ ಎಲ್ಲರ ಸ್ವಭಾವವೂ ಗೊತ್ತು. ಅಪಾಯವೂ ಅಲ್ಲೇ ಇದೆ: ಎರಡು ತಿಂಗಳಲ್ಲಿ ಅವರು ‘ಲೀಡರ್’ ಆಗಿ ಫ್ಯಾನಿನ ಕೆಳಗಿನ ಹಾಸಿಗೆ ಯಾರಿಗೆ ಎಂದು ಅವರೇ ತೀರ್ಮಾನಿಸುತ್ತಾರೆ. ಮಾಡಲೇಬೇಕಿದ್ದರೆ ತಿಂಗಳಿಗೊಬ್ಬರಂತೆ ಬದಲಿಸಿ, ಗೌರವಧನ ಕೊಡಿ, ಹಾಸಿಗೆ ಹಂಚುವ, ಗೇಟು ಕಾಯುವ ಅಧಿಕಾರ ಕೊಡಬೇಡಿ. ಏಜೆನ್ಸಿಯ ಸೆಕ್ಯೂರಿಟಿ ಗಾರ್ಡ್ ಇಡುವುದಾದರೆ ಗೇಟಿಗೆ ಮಾತ್ರ, ಅದೂ ದಿನಕ್ಕೊಬ್ಬರು ಬದಲಾಗದಂತೆ. ಫುಟ್‌ಪಾತಿನಲ್ಲಿ ಲಾಠಿ ಏಟು ತಿಂದು ಬಂದವರಿಗೆ ಯೂನಿಫಾರ್ಮ್ ಕಂಡರೆ ಕೇಂದ್ರವೇ ಬೇಡವೆನಿಸುತ್ತದೆ.

20 ರೂಪಾಯಿ ಎಲ್ಲಿಂದ ಹುಟ್ಟಿತು

ನಿಮ್ಮ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ನೀವು ಬರೆದಿಲ್ಲ. ‘ತಡವಾಗಿ ಬಂದವರು’ ಎಂಬ ಮಾತೇ ಒಂದು ಗಡುವಿದೆ ಎಂದು ಹೇಳುತ್ತಿದೆ, ಬಹುಶಃ ಹತ್ತೋ ಹತ್ತೂವರೆಯೋ. ನಿಮ್ಮ ಭಾಗದ ನಿವಾಸಿಗಳು ಯಾರು? ಕೆ.ಆರ್. ಮಾರ್ಕೆಟ್ಟಿನ ಹಮಾಲರು ರಾತ್ರಿ ಮೂರೂವರೆಗೆ ಎದ್ದು ಹೋಗಬೇಕು. ಮದುವೆ ಛತ್ರಗಳಲ್ಲಿ ಬಡಿಸುವ, ಪಾತ್ರೆ ತೊಳೆಯುವ ಕೇಟರಿಂಗ್ ಹುಡುಗರು ಮುಗಿಸಿ ಬರುವುದೇ ಒಂದು ಗಂಟೆಗೆ. ದುಡಿಯುವವರಿಗೆ ಹೊಂದದ ಗಡುವು ಇಟ್ಟು, ಅದನ್ನು ಮುರಿಯುವ ಅಧಿಕಾರವನ್ನು ಒಂಟಿ ಕೇರ್‌ಟೇಕರ್ ಕೈಗೆ ಕೊಟ್ಟರೆ ಆ ಅಧಿಕಾರಕ್ಕೆ ಬೆಲೆ ಹುಟ್ಟಿಯೇ ಹುಟ್ಟುತ್ತದೆ. ಆ ಅಭಿಯಾನದ ಕೇಂದ್ರಗಳು ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರಬೇಕು ಎಂದು ಅದರ ಮಾರ್ಗಸೂಚಿಯೇ ಹೇಳಿತ್ತು. ಗಡುವು ನಾವು ಅನುಕೂಲಕ್ಕೆ ಮಾಡಿಕೊಂಡದ್ದು.

ತೆಗೆದುಹಾಕಿ. ಅದರ ಬದಲು ‘ತಡವಾಗಿ ಬರುವವರ ಪಟ್ಟಿ’ ಇಡಿ: ಯಾರು, ಎಲ್ಲಿ ಕೆಲಸ, ಸುಮಾರು ಎಷ್ಟು ಹೊತ್ತಿಗೆ ಬರುತ್ತಾರೆ. ಅವರ ಹಾಸಿಗೆಗಳು ಗೇಟಿನ ಬಳಿ ಇರಲಿ, ಮಲಗಿದವರನ್ನು ದಾಟಿಕೊಂಡು ಹೋಗುವ ಗಲಾಟೆ ತಪ್ಪುತ್ತದೆ. ಮೂರೂವರೆಗೆ ಏಳುವವರನ್ನೂ ಅಲ್ಲೇ ಮಲಗಿಸಿ. ಪಟ್ಟಿಯಲ್ಲಿ ಇಲ್ಲದವರು ಬಂದರೂ ಒಳಗೆ ಸೇರಿಸಿಕೊಂಡು, ಹೆಸರು, ಬಂದ ಸಮಯ ಬರೆದುಕೊಳ್ಳಬೇಕು. ಗೇಟಿನ ಮೇಲೆ ದೊಡ್ಡದಾಗಿ ಕನ್ನಡ, ತಮಿಳು, ತೆಲುಗು, ಹಿಂದಿ, ಉರ್ದುವಿನಲ್ಲಿ ‘ಇಲ್ಲಿ ಯಾವುದಕ್ಕೂ ಹಣ ಇಲ್ಲ’ ಎಂದು ಬರೆಸಿ, ಕೆಳಗೆ ದೂರಿನ ಫೋನ್ ನಂಬರ್ ಹಾಕಿಸಿ. ದೂರಿನ ಪೆಟ್ಟಿಗೆಯಿಂದ ಪ್ರಯೋಜನ ಕಡಿಮೆ. ಬರೆಯಲು ಬಾರದವರು ಬಹಳ ಜನ, ಬರೆಯಬಲ್ಲವರಿಗೂ ಕೈಬರಹ ಗುರುತು ಸಿಕ್ಕಿ ಹಾಸಿಗೆ ಹೋದೀತು ಎಂಬ ಭಯ. ವಾರಕ್ಕೊಮ್ಮೆ ಹಗಲಿನಲ್ಲಿ, ಕೇರ್‌ಟೇಕರ್‌ಗಳಿಲ್ಲದ ಕಡೆ, ಮಾರ್ಕೆಟ್ಟಿನ ಚಹಾ ಅಂಗಡಿಯಲ್ಲಾದರೂ ಸರಿ, ನಾಲ್ಕೈದು ಜನರ ಜೊತೆ ಕೂತು ಮಾತಾಡಿ.

ಹಣ ತೆಗೆದುಕೊಂಡದ್ದು ಸಾಬೀತಾದರೆ ಅದಕ್ಕೆ ಕ್ರಮ ಆಗಲೇಬೇಕು, ಮನೆಯಿಲ್ಲದವರ 20 ರೂಪಾಯಿ ಎಂದರೆ ಒಂದು ಹೊತ್ತಿನ ತಿಂಡಿ. ಆದರೆ ನಿಯಮ ಬದಲಿಸದೆ ಬರೀ ಮನುಷ್ಯನನ್ನು ಬದಲಿಸಿದರೆ ರೇಟು 30 ಆಗುತ್ತದೆ ಅಷ್ಟೇ.

ಕ್ಯಾಮೆರಾ, ಸೆಲ್ಫಿ, ರಿಜಿಸ್ಟರ್

ಸಿಸಿಟಿವಿ ಗೇಟು, ಅಡುಗೆ ಕೋಣೆ, ಲಾಕರ್ ಇರುವ ಓಣಿಗೆ ಸರಿ. ಮಲಗುವ ಹಾಲ್‌ಗೆ, ಬಚ್ಚಲಿನ ಬಾಗಿಲಿಗೆ ಬೇಡ. ಅಲ್ಲಿ ಬಟ್ಟೆ ಬದಲಿಸುವವರು, ಗಾಯಕ್ಕೆ ಮುಲಾಮು ಹಚ್ಚಿಕೊಳ್ಳುವವರು ಇರುತ್ತಾರೆ. ಕ್ಯಾಮೆರಾ ಕಂಡು ಫುಟ್‌ಪಾತಿಗೆ ಮರಳುವವರೂ ಇದ್ದಾರೆ. ಮುಖ್ಯವಾಗಿ, ಕ್ಯಾಮೆರಾ ಯಾರನ್ನೂ ಎಬ್ಬಿಸುವುದಿಲ್ಲ, ಫಿಟ್ಸ್ ಬಂದವರನ್ನು ಮಗ್ಗುಲಿಗೆ ತಿರುಗಿಸುವುದಿಲ್ಲ. ಆದದ್ದನ್ನು ಮಾರನೆಯ ದಿನ ತೋರಿಸುತ್ತದೆ. ಸೆಲ್ಫಿಯ ಕತೆ ಇನ್ನೂ ಕಷ್ಟ. ಅಲಾರಂ ಇಟ್ಟುಕೊಂಡು ಗಂಟೆಗೊಮ್ಮೆ ಎದ್ದು ಫೋಟೋ ಹೊಡೆದು ಮತ್ತೆ ಮಲಗುತ್ತಾರೆ. ಹಿನ್ನೆಲೆಯಲ್ಲಿ ಮಲಗಿದ ನಿವಾಸಿಗಳ ಮುಖ ಯಾವ ಯಾವ ಗ್ರೂಪಿಗೆ ಹೋಗುತ್ತದೋ ಹೇಳಲಾಗದು.

ನಿಮ್ಮ ರಿಜಿಸ್ಟರ್ ಸುಳ್ಳು ಹೇಳಿದ್ದು ಅದರ ಕಾಲಂಗಳಿಂದಾಗಿ. ‘ಸಮಯ’, ‘ಷರಾ’ ಎಂದು ಎರಡೇ ಕಾಲಂ ಇದ್ದರೆ ‘ಎಲ್ಲ ಸರಿ’ ಎಂದೇ ಬರೆಯುತ್ತಾರೆ, ಬೆಳಗಿನ ಐದೂವರೆಗೆ ಒಂದೇ ಸಲ ಕೂತು. ಒಂದೇ ಪೆನ್ನಿನ ಶಾಯಿ, ಒಂದೇ ಓಟದ ಅಕ್ಷರ, 1.00, 2.00, 3.00 ಎಂಬ ದುಂಡು ಸಮಯ ಕಂಡರೆ ಆ ಪುಟ ಒಂದೇ ಹೊತ್ತಿನಲ್ಲಿ ಬರೆದದ್ದು ಎಂದು ತಿಳಿಯಬಹುದು. ನಿಜವಾದ ಸುತ್ತು 1.20ಕ್ಕೋ 2.45ಕ್ಕೋ ಆಗಿರುತ್ತದೆ. ಹೋಗಿ ನೋಡದೆ ಬರೆಯಲಾಗದ ಪ್ರಶ್ನೆಗಳನ್ನು ಕಾಲಂ ಮಾಡಿ: ಈಗ ಎಷ್ಟು ಜನ ಒಳಗಿದ್ದಾರೆ? ಯಾವ ನಂಬರಿನ ಹಾಸಿಗೆ ಖಾಲಿ? ಎಚ್ಚರವಾಗಿರುವವರು ಯಾರು? ಕೆಮ್ಮುತ್ತಿರುವವರು ಯಾರು? ಗ್ಯಾಸ್ ರೆಗ್ಯುಲೇಟರ್ ಆಫ್ ಆಗಿದೆಯೇ? ರಾತ್ರಿಗೆ ನಾಲ್ಕು ಸುತ್ತು ಸಾಕು, ನಡುವಿನ ಅಂತರ ಬೇರೆಬೇರೆ ಇರಲಿ. ಟಾರ್ಚಿನ ಬೆಳಕು ನೆಲಕ್ಕೆ, ಮುಖಕ್ಕೆ ಅಲ್ಲ. ಮೂರೂವರೆಗೆ ಹೊರಟ ಹಮಾಲರ ಹೆಸರು ಪುಟದಲ್ಲಿದೆಯೇ ಎಂದು ಸಂಜೆ ಅವರನ್ನೇ ಕೇಳಿದರೆ ರಿಜಿಸ್ಟರಿನ ಸತ್ಯ ಗೊತ್ತಾಗುತ್ತದೆ.

ಕೆಮ್ಮಿನ ಕಾಲಂ ಬಗ್ಗೆ ಇನ್ನೊಂದು ಮಾತು. ಹಗಲು ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಕೆಮ್ಮು ಕೇಳುವುದು ರಾತ್ರಿ ಪಾಳಿಯವರಿಗೆ ಮಾತ್ರ. ಎರಡು ವಾರ ದಾಟಿದ ಕೆಮ್ಮು, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ ಕ್ಷಯದ ಕಫ ಪರೀಕ್ಷೆ ಆಗಲೇಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರೆ ಪರೀಕ್ಷೆ, ಔಷಧಿ ಎರಡೂ ಉಚಿತ. ಒತ್ತೊತ್ತಾಗಿ ಮಲಗುವ ಹಾಲ್‌ನಲ್ಲಿ ಈ ಒಂದು ಕಾಲಂ ಹಲವರನ್ನು ಉಳಿಸುತ್ತದೆ. ತಾನು ಬರೆದದ್ದನ್ನು ಯಾರೋ ಓದಿ ಕ್ರಮ ಕೈಗೊಂಡರು ಎಂದು ತಿಳಿದ ಕೇರ್‌ಟೇಕರ್ ಮರುದಿನ ಇನ್ನೂ ಎಚ್ಚರಿಕೆಯಿಂದ ಬರೆಯುತ್ತಾರೆ. ರಿಜಿಸ್ಟರ್ ದಿನಾ ಬೆಳಿಗ್ಗೆ ಓದಿ, ಒಂದು ಸಾಲಾದರೂ ಉತ್ತರ ಬರೆದು ಸಹಿ ಮಾಡಿ.

ಯಾರ ಅಪ್ಪಣೆಯೂ ಬೇಡದ ಕೆಲಸಗಳು

ರಾತ್ರಿ ಮೂರಕ್ಕೆ ಒಂಟಿಯಾಗಿರುವವರಿಗೆ ಅತ್ಯಂತ ಭಾರವಾದದ್ದು ‘ಈಗ ಆಂಬುಲೆನ್ಸ್ ಕರೀಲಾ, ಬೇಡವಾ’ ಎಂಬ ಪ್ರಶ್ನೆ. ಆ ಭಾರವನ್ನು ನೀವು ಮೊದಲೇ ಇಳಿಸಬೇಕು. ಈ ಕೆಳಗಿನವಕ್ಕೆ ಮ್ಯಾನೇಜರನ್ನು ಕೇಳದೆ 108ಕ್ಕೆ ಕರೆ ಮಾಡಬಹುದು, ತಪ್ಪಾದರೂ ಯಾರೂ ಬೈಯುವುದಿಲ್ಲ ಎಂದು ಬರೆದು ಮೇಜಿನ ಮುಂದೆ ಅಂಟಿಸಿ: ಎಬ್ಬಿಸಿದರೂ ಏಳದವರು, ಉಸಿರಾಟಕ್ಕೆ ಕಷ್ಟ, ಎದೆನೋವು, ಐದು ನಿಮಿಷ ದಾಟಿದ ಅಥವಾ ಪ್ರಜ್ಞೆ ಬರುವ ಮುಂಚೆ ಮತ್ತೆ ಬಂದ ಫಿಟ್ಸ್, ತಲೆಗೆ ಪೆಟ್ಟು, ರಕ್ತ ವಾಂತಿ. ಬೆಂಕಿ ಮತ್ತು ಹೊಡೆದಾಟಕ್ಕೆ 112. ಅದರ ಕೆಳಗೆ ಕೇಂದ್ರದ ಪೂರ್ತಿ ವಿಳಾಸ, ಅಡ್ಡರಸ್ತೆ, ಎಲ್ಲರಿಗೂ ಗೊತ್ತಿರುವ ಒಂದು ಗುರುತು ದೊಡ್ಡಕ್ಷರದಲ್ಲಿರಲಿ. ಗಾಬರಿಯಲ್ಲಿ ಸ್ವಂತ ಮನೆಯ ವಿಳಾಸವೇ ಬಾಯಿಗೆ ಬರುವುದಿಲ್ಲ. ಕರೆ ಮಾಡಿದ ತಕ್ಷಣ ಒಬ್ಬ ನಿವಾಸಿಯನ್ನು ಟಾರ್ಚ್ ಕೊಟ್ಟು ಮುಖ್ಯರಸ್ತೆಗೆ ಕಳಿಸಬೇಕು.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಚಪ್ಪಲಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಯಾವುದೂ ಫಿಟ್ಸ್ ನಿಲ್ಲಿಸುವುದಿಲ್ಲ. ಚಮಚ ಹಲ್ಲು ಮುರಿಯುತ್ತದೆ, ಕೆಲವೊಮ್ಮೆ ಉಸಿರು ಕಟ್ಟಿಸುತ್ತದೆ. ಸುತ್ತಲಿನ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಿಕೊಂಡು, ಅಲುಗಾಟ ನಿಂತ ಮೇಲೆ ಮಗ್ಗುಲಿಗೆ ತಿರುಗಿಸಬೇಕು. ಅಷ್ಟೇ.

ಕುಡಿದು ಬಂದವರನ್ನು ಹೊರಗಿಡುವ ಪದ್ಧತಿ ನಿಮ್ಮಲ್ಲಿದ್ದರೆ ಬಿಡಿ. ಹೊರಗೆ ಚರಂಡಿ ಪಕ್ಕ ಬಿದ್ದವರಿಗೆ ಡಿಸೆಂಬರ್ ಚಳಿಯೂ ಇದೆ, ಲಾರಿಯೂ ಇದೆ. ಜಗಳಕ್ಕೆ ನಿಲ್ಲದಿದ್ದರೆ ಒಳಗೆ ಸೇರಿಸಿ, ಮೇಲಿನ ಬಂಕಿಗೆ ಹತ್ತಿಸದೆ, ಕೇರ್‌ಟೇಕರ್ ಮೇಜಿನ ಹತ್ತಿರ ನೆಲದ ಹಾಸಿಗೆಯಲ್ಲಿ ಎಡಮಗ್ಗುಲಿಗೆ ಮಲಗಿಸಿ. ಮೊದಲ ಒಂದು ಗಂಟೆ ಹದಿನೈದು ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಹೆಸರು ಹಿಡಿದು ಕರೆದು ನೋಡಬೇಕು. ಕೊನೆಯ ಗುಟುಕಿನ ನಂತರವೂ ರಕ್ತದಲ್ಲಿ ಮದ್ಯ ಏರುತ್ತಲೇ ಇರುತ್ತದೆ. ನಡೆದುಕೊಂಡು ಬಂದವರು ಗಂಟೆಯ ನಂತರ ಎಚ್ಚರ ತಪ್ಪಬಹುದು. ಮಜ್ಜಿಗೆ, ನಿಂಬೆರಸ, ತಣ್ಣೀರು ಸ್ನಾನ ನಶೆ ಇಳಿಸುವುದಿಲ್ಲ, ಬದಲಿಗೆ ಕುಡಿಸಿದ್ದು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಗೊರಕೆ ಗುಳುಗುಳು ಸದ್ದಾದರೆ, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆಯಾದರೆ, ತಲೆಯಲ್ಲಿ ಊತವಿದ್ದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಬಂದರೆ 108. ಬಾಯಿಯಲ್ಲಿ ವಾಸನೆ ಇದೆ ಎಂದ ಮಾತ್ರಕ್ಕೆ ತಲೆಪೆಟ್ಟು, ಸಕ್ಕರೆ ಇಳಿದದ್ದು ಇಲ್ಲ ಎಂದಲ್ಲ.

ಇದರ ತಿರುಗುಮುರುಗು ಅಪಾಯ ಹೆಚ್ಚು ಜನರಿಗೆ ಗೊತ್ತಿಲ್ಲ. ದಿನಾ ಕುಡಿಯುವವರು ಹಣವಿಲ್ಲದೆಯೋ ಜ್ವರ ಬಂದೋ ತಟ್ಟನೆ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೈನಡುಕ, ಬೆವರು, ಇಲ್ಲದ್ದು ಕಾಣುವುದು, ಕೂಗಾಟ ಶುರುವಾಗಬಹುದು. ಇದು ಪ್ರಾಣಕ್ಕೇ ಬರುವಂಥದ್ದು, ಗಾಳಿ ಸೋಕಿದ್ದಲ್ಲ, ಹುಚ್ಚೂ ಅಲ್ಲ. ನಿಮ್ಮ ಕೇಂದ್ರದ ಆ ನಿವಾಸಿಯ ಫಿಟ್ಸ್ ಇಂಥದ್ದೇ ಇರಬಹುದೇ ಎಂದು ಆಸ್ಪತ್ರೆಯ ಚೀಟಿ ನೋಡಿ. ಪಾಳಿ ಹಸ್ತಾಂತರದಲ್ಲಿ ‘ಇವತ್ತು ಕುಡೀದೆ ಇದ್ದವರು ಯಾರು’ ಎಂದೂ ಕೇಳಬೇಕಾದದ್ದು ಇದಕ್ಕೇ.

ಆ ಹಸ್ತಾಂತರ ಗೇಟಿನಲ್ಲಿ ಕೈಬೀಸಿ ಮುಗಿಯಬಾರದು. ಇಬ್ಬರೂ ಹದಿನೈದು ನಿಮಿಷ ಹಾಸಿಗೆಯಿಂದ ಹಾಸಿಗೆಗೆ ನಡೆದು, ಎಣಿಸಿ, ಈ ರಾತ್ರಿ ಕಣ್ಣಿಡಬೇಕಾದವರು ಯಾರು ಎಂದು ಎರಡು ಮೂರು ಹೆಸರು ಕೆಂಪು ಶಾಯಿಯಲ್ಲಿ ಬರೆಯಬೇಕು.

ಇನ್ನು ಮೂರು ಸಂದರ್ಭಗಳಿಗೆ ಲಿಖಿತ ಸೂಚನೆ ಇರಲಿ. ಹದಿನೆಂಟಕ್ಕಿಂತ ಚಿಕ್ಕವರು ಒಂಟಿಯಾಗಿ ಬಂದರೆ ಗಂಡಸರ ಹಾಲ್‌ನಲ್ಲಿ ಮಲಗಿಸದೆ 1098ಕ್ಕೆ ಕರೆ ಮಾಡಬೇಕು. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು ಕಾನೂನಿದೆ. ತೀವ್ರ ಮಾನಸಿಕ ತೊಂದರೆಯಲ್ಲಿ ಅಲೆಯುತ್ತಿರುವವರನ್ನು ಪೊಲೀಸರು ತಂದು ಬಿಟ್ಟರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ಅವರದೇ ಹೊಣೆ ಎಂದು ನಯವಾಗಿ ಹೇಳಿ, ಠಾಣೆ ಮತ್ತು ಬಂದವರ ಹೆಸರು ಬರೆದುಕೊಳ್ಳಬೇಕು. ಸಲಹೆಗೆ ಟೆಲಿ ಮಾನಸ್ 14416 ರಾತ್ರಿಯೂ ಕನ್ನಡದಲ್ಲಿ ಸಿಗುತ್ತದೆ. ನಿವಾಸಿಗಳನ್ನು ಭಿಕ್ಷುಕರೆಂದು ಕರೆದೊಯ್ಯಲು ಯಾರಾದರೂ ಬಂದರೆ ಕೇರ್‌ಟೇಕರ್ ವಾದಕ್ಕಿಳಿಯದೆ ನಿಮಗೆ ಫೋನ್ ಮಾಡಬೇಕು. ಆ ಫೋನನ್ನು ಎತ್ತುವವರು ಇರಬೇಕು: ನೀವು, ಸಂಸ್ಥೆಯ ಸಂಯೋಜಕರು, ಇನ್ನೊಬ್ಬರು ಸರದಿ ಹಾಕಿಕೊಳ್ಳಿ, ಯಾವ ರಾತ್ರಿ ಯಾರು ಎಂದು ಗೋಡೆಗೆ ಬರೆಯಿರಿ.

ಹೇಳದೆ ಹೋಗುವುದು, ಮತ್ತು ಆ ಇಬ್ಬರ ವಿಷಯ

ತಿಂಗಳಿಗೆ ಎರಡು ಸಲ, ಒಮ್ಮೆ ಹನ್ನೊಂದೂವರೆಗೆ, ಒಮ್ಮೆ ಮೂರೂವರೆಗೆ ಹೇಳದೆ ಹೋಗಿ. ಹೋದವರು ಕದ್ದು ನೋಡಬಾರದು. ಗೇಟಿನ ಗಂಟೆ ಬಾರಿಸಿ, ತೆರೆಯಲು ಎಷ್ಟು ಹೊತ್ತಾಯಿತು ಎಂದು ಗಮನಿಸಿ, ಒಳಗೆ ಕೂತು ಮೂರು ಪ್ರಶ್ನೆ ಕೇಳಿ: ಈಗ ಒಳಗೆ ಎಷ್ಟು ಜನ, ಇವತ್ತು ನಿಮಗೆ ಯಾರ ಬಗ್ಗೆ ಚಿಂತೆ, ಕರೆಂಟ್ ಹೋದರೆ ಟಾರ್ಚ್ ಎಲ್ಲಿದೆ. ಉತ್ತರ ತಡವರಿಸದೆ ಬಂದರೆ ಆ ರಾತ್ರಿ ಸುರಕ್ಷಿತ ಕೈಯಲ್ಲಿದೆ. ನಿದ್ದೆಯಲ್ಲಿದ್ದರೆ ಮೆಲ್ಲಗೆ ಎಬ್ಬಿಸಿ, ಚಹಾ ಮಾಡಿ ಕುಡಿಯಿರಿ, ಫೋಟೋ ತೆಗೆಯಬೇಡಿ, ನಿವಾಸಿಗಳ ಮುಂದೆ ಗದರಬೇಡಿ. ಅವರು ಬಯ್ಗುಳ ತಿಂದದ್ದನ್ನು ನೋಡಿದ ಅರವತ್ತು ಜನರನ್ನು ನಾಳೆ ರಾತ್ರಿ ಅವರೇ ಸಂಭಾಳಿಸಬೇಕು. ಮಾತು ಮರುದಿನ, ನಿದ್ದೆ ಮುಗಿದ ಮೇಲೆ. ಹೆಂಗಸರ ಕೇಂದ್ರದಲ್ಲಾದರೆ ಈ ಭೇಟಿಗೆ ಮಹಿಳೆಯರೇ ಹೋಗಬೇಕು.

ನಿದ್ದೆ ಹೋದವರನ್ನು ತೆಗೆಯಬೇಕೇ? ಹಾಜರಿಯಲ್ಲಿ ಡಬಲ್ ಪಾಳಿ ಕಂಡರೆ ನನ್ನ ಅಭಿಪ್ರಾಯ ‘ಬೇಡ’. ಲಿಖಿತ ಎಚ್ಚರಿಕೆ ಕೊಟ್ಟು, ಎರಡು ವಾರ ಹಗಲಿಗೆ ಹಾಕಿ, ಹೊಸ ಪಾಳಿ ಪಟ್ಟಿಯಲ್ಲಿ ರಾತ್ರಿಗೆ ಮರಳಿಸಿ. ರಿಜಿಸ್ಟರಿನಲ್ಲಿ ಸುಳ್ಳು ಬರೆದದ್ದಕ್ಕೆ ಪ್ರತ್ಯೇಕವಾಗಿ ಮಾತಾಡಿ: ‘2ರಿಂದ 4 ನಿದ್ದೆ ಬಂತು’ ಎಂದು ಬರೆದರೆ ಶಿಕ್ಷೆ ಇಲ್ಲ, ‘ಎಲ್ಲ ಸರಿ’ ಎಂದು ಸುಳ್ಳು ಬರೆದರೆ ಇದೆ. ಡಬಲ್ ಪಾಳಿ ಇಲ್ಲದೆ, ಎಂಟು ಗಂಟೆಯ ಕೆಲಸಕ್ಕೆ ದಿಂಬು ಹಾಸಿಗೆ ತಂದು ಬಾಗಿಲು ಹಾಕಿಕೊಂಡು ಮಲಗುವ ರೂಢಿಯಿದ್ದರೆ ಅದು ಬೇರೆ ವಿಷಯ, ರಾತ್ರಿ ಕೆಲಸಕ್ಕೆ ಅವರು ಹೊಂದುವುದಿಲ್ಲ.

ಹಣದ ದೂರಿಗೆ ವಸತಿ ಕೇಂದ್ರದ ನಿರ್ವಹಣಾ ಸಮಿತಿಯ ಇಬ್ಬರನ್ನು ಕೂರಿಸಿ, ದೂರು ಕೊಟ್ಟವರ ಹೆಸರು ಹೊರಬೀಳದಂತೆ ನಾಲ್ಕೈದು ನಿವಾಸಿಗಳನ್ನು ಒಬ್ಬೊಬ್ಬರಾಗಿ ಕೇಳಿ, ಕೇರ್‌ಟೇಕರ್ ಹೇಳಿಕೆಯನ್ನೂ ಬರೆಸಿಕೊಳ್ಳಿ. ವಿಚಾರಣೆ ಮುಗಿಯುವ ತನಕ ಅವರನ್ನು ರಾತ್ರಿಗೆ ಹಾಕಬೇಡಿ. ನಿವಾಸಿಗಳ ಮೇಲೆ ಕೈ ಮಾಡುವುದು, ಲೈಂಗಿಕ ಕಿರುಕುಳ, ಹೊರಗಿನಿಂದ ಬೀಗ ಹಾಕಿ ಹೋಗುವುದು, ಕುಡಿದು ಪಾಳಿಗೆ ಬರುವುದು, ಈ ನಾಲ್ಕಕ್ಕೆ ಎಚ್ಚರಿಕೆ ಪತ್ರದ ಮಾತಿಲ್ಲ, ಅದೇ ದಿನ ಪಾಳಿಯಿಂದ ಇಳಿಸಬೇಕು. ಮೊದಲ ಎರಡಕ್ಕೆ ಪೊಲೀಸ್ ದೂರು ಕೊಡಲು ನಿವಾಸಿಯ ಜೊತೆಗೆ ನೀವೇ ಹೋಗಿ.

ಈ ವಾರ ಮಾಡಬೇಕಾದದ್ದರ ಕ್ರಮ ಹೀಗಿರಲಿ: ಇವತ್ತು ಚಿಲಕ, ನಾಳೆ ಗೋಡೆಗೆ 108ರ ಚೀಟಿ ಮತ್ತು ಫೋನ್ ಸರದಿ, ಶನಿವಾರದೊಳಗೆ ಆ ರಾತ್ರಿಗೆ ಎರಡನೇ ಮನುಷ್ಯ. ರಿಜಿಸ್ಟರಿನ ಹೊಸ ಕಾಲಂಗಳನ್ನು ಮೂವರೂ ಕೇರ್‌ಟೇಕರ್‌ಗಳನ್ನು ಕೂರಿಸಿಕೊಂಡೇ ಬರೆಯಿರಿ. ಯಾವ ಪ್ರಶ್ನೆ ಕೇಳಬೇಕೆಂದು ರಾತ್ರಿ ಎಚ್ಚರವಿದ್ದವರಿಗೇ ಚೆನ್ನಾಗಿ ಗೊತ್ತಿರುತ್ತದೆ.